ಬೆಳಿಗ್ಗೆ 6.25ಕ್ಕೆ ನಿಮ್ಮ ಗ್ರಂಥಾಲಯದ ಸರ್ವರ್ ಆನ್ ಇರುತ್ತದೆಯೇ?

ಮಾನ್ಯ ಸಂಪಾದಕರೇ,

ರಾಜ್ಯದ ಅನೇಕ ಕಾಲೇಜು ಗ್ರಂಥಾಲಯಗಳು ಈಗ ಪುಸ್ತಕಗಳ ಲೆಕ್ಕವನ್ನು ಕೋಹಾ ತಂತ್ರಾಂಶದಲ್ಲಿ ಇಡುತ್ತಿವೆ. ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ದಿಂದ ಬಳಕೆಯಲ್ಲಿರುವ, ಉಚಿತವಾಗಿ ಸಿಗುವ ಈ ತಂತ್ರಾಂಶವನ್ನು ಸಾಮಾನ್ಯವಾಗಿ ಉಬುಂಟು ಅಥವಾ ಡೆಬಿಯನ್ ಲಿನಕ್ಸ್ ಮೇಲೆ ಹಾಕುತ್ತಾರೆ. ‘ಬ್ಯಾಕಪ್ ಆಟೊಮ್ಯಾಟಿಕ್ ಆಗಿ ಆಗುತ್ತೆ, ನೀವೇನೂ ಮಾಡಬೇಕಿಲ್ಲ’ ಎಂದು ಇನ್‌ಸ್ಟಾಲ್ ಮಾಡಿದವರು ಹೇಳಿ ಹೋಗಿರುತ್ತಾರೆ. ಅದು ಎಷ್ಟು ಹೊತ್ತಿಗೆ ಆಗುತ್ತದೆ, ಆಗದೇ ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದು ಕೇಳಿಟ್ಟುಕೊಂಡವರು ಕಡಿಮೆ. ಹಾರ್ಡ್‌ಡಿಸ್ಕ್ ಕೆಟ್ಟ ದಿನವೇ ಈ ಪ್ರಶ್ನೆ ಏಳಬಾರದು ಎಂಬ ಕಾಳಜಿಯಿಂದ ಈ ಪತ್ರ.

ಲಿನಕ್ಸ್ ಸೇರಿದಂತೆ ಯುನಿಕ್ಸ್ ಬಗೆಯ ಕಂಪ್ಯೂಟರುಗಳಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವುದು ಕ್ರಾನ್ ಎಂಬ ಪ್ರೋಗ್ರಾಂ. ನಿಮಿಷಕ್ಕೊಮ್ಮೆ ಎದ್ದು, ತನ್ನ ಪಟ್ಟಿಯಲ್ಲಿ ಈ ನಿಮಿಷಕ್ಕೆ ಏನಾದರೂ ಬರೆದಿದೆಯೇ ಎಂದು ನೋಡುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ‘ಕ್ರಾನ್ ಡೈಲಿ’ ಫೋಲ್ಡರಿನ ದಿನನಿತ್ಯದ ಕೆಲಸಗಳಿಗೆ ಮೊದಲೇ ಗೊತ್ತುಮಾಡಿರುವ ಹೊತ್ತು ಬೆಳಿಗ್ಗೆ 6.25. ಕೋಹಾದ ಬ್ಯಾಕಪ್ ಕೂಡ ಅಲ್ಲೇ ಕೂತಿದೆ. ಸಂಜೆ ಬಾಗಿಲು ಹಾಕುವಾಗ ಸರ್ವರ್ ಆಫ್ ಮಾಡಿ, ಮರುದಿನ ಒಂಬತ್ತೂವರೆಗೆ ಸ್ವಿಚ್ ಹಾಕುವ ಗ್ರಂಥಾಲಯದಲ್ಲಿ ಆ 6.25 ಬರುವುದೇ ಇಲ್ಲ. ತಪ್ಪಿಹೋದ ಕೆಲಸವನ್ನು ಆಮೇಲೆ ಮಾಡುವ ರೂಢಿ ಕ್ರಾನ್‌ಗೆ ಇಲ್ಲ. ಹೀಗೆ ವರ್ಷಗಟ್ಟಲೆ ಒಂದೂ ಬ್ಯಾಕಪ್ ಆಗದೆ ಇರಬಹುದು. ಪರದೆಯ ಮೇಲೆ ಒಂದು ಎಚ್ಚರಿಕೆಯೂ ಬರುವುದಿಲ್ಲ.

ಪರಿಹಾರ ಸುಲಭ. ಅನಾಕ್ರಾನ್ ಎಂಬ ಸಣ್ಣ ಪ್ಯಾಕೇಜು ಹಾಕಿದರೆ, ಅದು ಗಂಟೆಯ ಬದಲು ದಿನದ ಲೆಕ್ಕ ಹಿಡಿದು, ಬಾಕಿ ಉಳಿದ ಕೆಲಸವನ್ನು ಯಂತ್ರ ಆನ್ ಆದ ಮೇಲೆ ಮಾಡಿ ಮುಗಿಸುತ್ತದೆ. ಉಬುಂಟು ಡೆಸ್ಕ್‌ಟಾಪ್ ಜೊತೆ ಇದು ಬರುತ್ತದೆ, ಸರ್ವರ್ ಆವೃತ್ತಿಯಲ್ಲಿ ನಾವೇ ಹಾಕಿಕೊಳ್ಳಬೇಕು. ಇನ್ನು ಬಾಡಿಗೆಗೆ ಪಡೆದ ಕ್ಲೌಡ್ ಸರ್ವರುಗಳ ಗಡಿಯಾರ ಎಷ್ಟೋ ಸಲ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಪ್ರಮಾಣ ಸಮಯ) ಇರುತ್ತದೆ. ಅಲ್ಲಿನ 6.25 ಎಂದರೆ ನಮ್ಮ 11.55, ಕೌಂಟರಿನ ಮುಂದೆ ವಿದ್ಯಾರ್ಥಿಗಳ ಸಾಲು ನಿಂತಿರುವ ಹೊತ್ತು. ಟೈಮ್‌ಝೋನನ್ನು ಏಷ್ಯಾ/ಕೋಲ್ಕತಾ ಎಂದು ಬದಲಿಸಿ, ಕ್ರಾನನ್ನು ಒಮ್ಮೆ ರೀಸ್ಟಾರ್ಟ್ ಮಾಡಬೇಕು. ಇಲ್ಲವಾದರೆ ಅದು ಹಳೆಯ ಹೊತ್ತನ್ನೇ ಹಿಡಿದುಕೊಂಡಿರುತ್ತದೆ.

ಸ್ವಂತ ಸ್ಕ್ರಿಪ್ಟ್ (ಆಜ್ಞೆಗಳ ಕಡತ) ಬರೆದು ಹಾಕುವವರು ಎಡವುವ ಜಾಗಗಳು ಬೇರೆ. ‘ಕ್ರಾನ್ ಡೈಲಿ’ ಫೋಲ್ಡರಿನಲ್ಲಿ ಕಡತದ ಹೆಸರಿನಲ್ಲಿ ಚುಕ್ಕೆ ಇದ್ದರೆ ಡೆಬಿಯನ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಬ್ಯಾಕಪ್.ಎಸ್‌ಎಚ್’ ಎಂದು ಹೆಸರಿಟ್ಟರೆ ಓಡದು, ಬರೀ ‘ಬ್ಯಾಕಪ್’ ಎಂದರೆ ಓಡುತ್ತದೆ. ಕಡತಕ್ಕೆ ಎಕ್ಸಿಕ್ಯೂಟ್ (ಓಡಿಸುವ) ಅನುಮತಿಯೂ ಇರಬೇಕು. ಯಾವುದು ಓಡುತ್ತದೆ ಎಂಬುದನ್ನು ಫೋಲ್ಡರಿನ ಕಡತಗಳನ್ನು ಓಡಿಸುವ ರನ್-ಪಾರ್ಟ್ಸ್ ಆಜ್ಞೆಗೆ ‘ಟೆಸ್ಟ್’ ಆಯ್ಕೆ ಕೊಟ್ಟು ಮೊದಲೇ ನೋಡಿಕೊಳ್ಳಬಹುದು. ಕ್ರಾನ್ ನೋಡುವ ಪಟ್ಟಿಯಾದ ಕ್ರಾನ್‌ಟ್ಯಾಬಿನ ಸಾಲಿನಲ್ಲಿ ದಿನಾಂಕ ಸೇರಿಸಲು % ಚಿಹ್ನೆ ಬಳಸಿದರೆ ಕ್ರಾನ್ ಅದನ್ನು ಹೊಸ ಸಾಲು ಎಂದೇ ಓದುತ್ತದೆ. % ಚಿಹ್ನೆಗೆ ಮೊದಲು \ ಹಾಕಬೇಕು. ಕ್ರಾನ್‌ಟ್ಯಾಬ್ ಆಜ್ಞೆಯಲ್ಲಿ ಪಟ್ಟಿ ತಿದ್ದಲು ‘ಇ’ ಆಯ್ಕೆ, ಇಡೀ ಪಟ್ಟಿ ಅಳಿಸಲು ‘ಆರ್’. ಕೀಬೋರ್ಡಿನಲ್ಲಿ ಎರಡೂ ಅಕ್ಕಪಕ್ಕ, ಅಳಿಸುವ ಮುನ್ನ ಕ್ರಾನ್‌ಟ್ಯಾಬ್ ಸಾಮಾನ್ಯವಾಗಿ ಕೇಳುವುದೂ ಇಲ್ಲ. ಕೈ ಹಾಕುವ ಮೊದಲು ‘ಎಲ್’ ಕೊಟ್ಟು ಪಟ್ಟಿಯ ಪ್ರತಿ ಉಳಿಸಿಕೊಳ್ಳಿ.

ಇವೆಲ್ಲಕ್ಕಿಂತ ಕೆಟ್ಟದ್ದು ಆದಂತೆ ಕಾಣುವ ಬ್ಯಾಕಪ್. ಸ್ಕ್ರಿಪ್ಟಿನಲ್ಲಿ ಡೇಟಾಬೇಸಿನ ಡಂಪ್ (ಪೂರ್ತಿ ನಕಲು) ತೆಗೆದು, ಕಡತ ಕುಗ್ಗಿಸುವ ಜಿಜಿಪ್‌ಗೆ ನೇರವಾಗಿ ಪೈಪ್ ಮಾಡುತ್ತಾರೆ, ಅಂದರೆ ಹರಿಸುತ್ತಾರೆ. ಪಾಸ್‌ವರ್ಡ್ ಬದಲಾಗಿ ಡಂಪ್ ನಿಂತುಹೋದರೂ ಜಿಜಿಪ್ ತನ್ನ ಪಾಲಿನ ಕೆಲಸ ಮುಗಿಸುತ್ತದೆ, ಆಜ್ಞೆಗಳನ್ನು ಓಡಿಸುವ ಶೆಲ್ ‘ಯಶಸ್ವಿ’ ಎನ್ನುತ್ತದೆ. ಫೋಲ್ಡರಿನಲ್ಲಿ ಇವತ್ತಿನ ತಾರೀಖಿನ ಕಡತ ಇದ್ದೇ ಇರುತ್ತದೆ, ಗಾತ್ರ ಮಾತ್ರ 20 ಬೈಟ್. ಜಿಜಿಪ್‌ನಿಂದಲೇ ಪರೀಕ್ಷೆ ಮಾಡಿಸಿದರೆ ಅದನ್ನೂ ಸರಿ ಎನ್ನುತ್ತದೆ, ಏಕೆಂದರೆ ಖಾಲಿಯಾದರೂ ಅದು ನಿಯಮಬದ್ಧ ಜಿಜಿಪ್ ಕಡತ. ಬ್ಯಾಶ್ ಎಂಬ ಶೆಲ್ಲಿನ ಸ್ಕ್ರಿಪ್ಟಿನ ಮೇಲ್ಗಡೆ ‘ಪೈಪ್‌ಫೇಲ್’ ಆಯ್ಕೆ ಹಾಕಿ, ಆಗ ಡಂಪ್ ಸೋತರೆ ಶೆಲ್ ಯಶಸ್ವಿ ಎನ್ನುವುದಿಲ್ಲ. ಕಡತ ಬಿಚ್ಚಿ ಕೊನೆಯ ಸಾಲು ನೋಡಿ: ಮೈಎಸ್‌ಕ್ಯೂಎಲ್ ಮತ್ತು ಮಾರಿಯಾಡಿಬಿ ಡೇಟಾಬೇಸುಗಳ ಡಂಪ್ ಪೂರ್ತಿಯಾಗಿದ್ದರೆ ಅಲ್ಲಿ ‘ಡಂಪ್ ಕಂಪ್ಲೀಟೆಡ್’ ಎಂದಿರುತ್ತದೆ. ಆ ಸಾಲಿಲ್ಲದ ಕಡತವನ್ನು ನಂಬಬೇಡಿ.

ಕೆಲಸ ಓಡುವಾಗ ದೋಷದ ಸಂದೇಶವೋ ಬೇರೆ ಏನಾದರೂ ವಿವರವೋ ಹೊರಬಂದರೆ ಕ್ರಾನ್ ಅದನ್ನು ಮೇಲ್ ಮಾಡುತ್ತದೆ. ಆದರೆ ಯಂತ್ರದಲ್ಲಿ ಮೇಲ್ ಕಳಿಸುವ ಪ್ರೋಗ್ರಾಂ ಇಲ್ಲದಿದ್ದರೆ ವಿವರವನ್ನು ಎಸೆದುಬಿಟ್ಟು, ಎಸೆದೆನೆಂದು ಲಾಗಿನಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಎಂಎಸ್‌ಎಂಟಿಪಿಯಂಥ ಸಣ್ಣ ಪ್ರೋಗ್ರಾಂ ಹಾಕಿ, ‘ಮೇಲ್‌ಟು’ ಸಾಲಿನಲ್ಲಿ ಯಾರಾದರೂ ದಿನಾ ತೆರೆಯುವ ವಿಳಾಸ ಕೊಡಬೇಕು. ಸರ್ವರೇ ಸತ್ತರೆ ಮೇಲೂ ಬಾರದು. ಆದ್ದರಿಂದ ಕಾವಲು ಇನ್ನೊಂದು ಕಂಪ್ಯೂಟರಿನಲ್ಲಿರಬೇಕು: ಪ್ರತಿ ಬ್ಯಾಕಪ್ ಅಲ್ಲಿಗೆ ನಕಲಾಗಲಿ, 1560 ನಿಮಿಷ, ಅಂದರೆ 26 ಗಂಟೆಯೊಳಗಿನ ಕಡತ ಸಿಗದಿದ್ದರೆ ಆ ಕಂಪ್ಯೂಟರೇ ದೂರು ಹೇಳಲಿ. ಭಾನುವಾರ ಯಂತ್ರ ಆಫ್ ಇರುವಲ್ಲಿ ಆ ದಿನವನ್ನು ಬಿಟ್ಟು ಎಣಿಸಬೇಕು.

ನಕಲು ಬೇಕೇ ಬೇಕು. ಕೋಹಾ ಬ್ಯಾಕಪ್ ಇಡುವುದು ಅದೇ ಡಿಸ್ಕಿನ ‘ವಾರ್/ಸ್ಪೂಲ್/ಕೋಹಾ’ ಫೋಲ್ಡರಿನಲ್ಲಿ, ಅದೂ ಮೂಲ ಏರ್ಪಾಡಿನಂತೆ ಎರಡು ದಿನದ್ದು ಮಾತ್ರ. ಕಡತ ನಕಲಿಸುವ ಆರ್‌ಸಿಂಕ್ ಬಳಸಿ ಬೇರೆ ಯಂತ್ರಕ್ಕೆ ಕಳಿಸುವಾಗ ‘ಡಿಲೀಟ್’ ಆಯ್ಕೆ ಹಾಕಬೇಡಿ. ಹಾಕಿದರೆ ಇಲ್ಲಿ ಅಳಿದದ್ದು ಅಲ್ಲೂ ಅಳಿಯುತ್ತದೆ. ಪಾಸ್‌ವರ್ಡ್ ಕೇಳಿದರೆ ಕ್ರಾನ್ ಉತ್ತರಿಸಲಾರದು, ಪಾಸ್‌ವರ್ಡ್ ಬದಲು ಬಳಸುವ ಎಸ್‌ಎಸ್‌ಎಚ್ ಕೀ ಮಾಡಿಡಬೇಕು. ಮೊದಲ ಸಲ ‘ಈ ಯಂತ್ರವನ್ನು ನಂಬಬಹುದೇ’ ಎಂಬ ಪ್ರಶ್ನೆಗೆ, ಕ್ರಾನ್ ಓಡಿಸುವ ಅದೇ ಬಳಕೆದಾರನಾಗಿ ಲಾಗಿನ್ ಆಗಿ, ಕೈಯಾರೆ ‘ಯೆಸ್’ ಎನ್ನಬೇಕು.

ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ನಮ್ಮ ವಿನಂತಿ ಒಂದೇ. ವಾರ್ಷಿಕ ನಿರ್ವಹಣೆ ಒಪ್ಪಂದದಲ್ಲಿ ‘ಬ್ಯಾಕಪ್ ವ್ಯವಸ್ಥೆ ಇದೆ’ ಎಂಬ ವಾಕ್ಯಕ್ಕೆ ಸಹಿ ಹಾಕಬೇಡಿ. ‘ಕೊನೆಯ ಸಲ ರೀಸ್ಟೋರ್ ಮಾಡಿ ನೋಡಿದ ದಿನಾಂಕ’ ಎಂಬ ಕಲಂ ಸೇರಿಸಿ (ರೀಸ್ಟೋರ್ ಎಂದರೆ ಬ್ಯಾಕಪ್ಪಿನಿಂದ ಮರಳಿ ತುಂಬುವುದು). ಸೆಮಿಸ್ಟರಿಗೊಮ್ಮೆ ಒಂದು ಹಳೆಯ ಕಂಪ್ಯೂಟರಿಗೆ ಸರ್ವರಿನಲ್ಲಿರುವ ಆವೃತ್ತಿಯದೇ ಕೋಹಾ ಹಾಕಿ, ಬ್ಯಾಕಪ್ಪಿನ ಎಸ್‌ಕ್ಯೂಎಲ್ (ಡೇಟಾಬೇಸು) ಮತ್ತು ಟಾರ್ (ಸೆಟ್ಟಿಂಗುಗಳು) ಕಡತಗಳೆರಡನ್ನೂ ‘ಕೋಹಾ-ರೀಸ್ಟೋರ್’ಗೆ ಕೊಡಿ. ಮುಗಿದ ಮೇಲೆ ಗ್ರಂಥಪಾಲಕರು ಎದುರು ಕೂತು, ಬ್ಯಾಕಪ್ಪಿನ ಹಿಂದಿನ ದಿನ ಎರವಲು ಹೋದ ಒಂದು ಪುಸ್ತಕದ ಬಾರ್‌ಕೋಡ್ ಹುಡುಕಿ, ಅದು ಸರಿಯಾದ ವಿದ್ಯಾರ್ಥಿಯ ಹೆಸರಿನಲ್ಲೇ ಇದೆಯೇ ಎಂದು ನೋಡಿ ದಿನಾಂಕ ಬರೆಯಲಿ.

ಇತಿ,
ಕಾಲೇಜು ಗ್ರಂಥಾಲಯಗಳ ಸರ್ವರ್ ನಿರ್ವಾಹಕರು, ಧಾರವಾಡ