ಪಕ್ಕದ ಸೀಟಿನ ಬರಹಗಾರ

ಪ್ರೀತಿಯ ತಂಗಿಗೆ,

ನೀನು ಕಳಿಸಿದ ಚಿಕ್ಕಮಗಳೂರು ರ‍್ಯಾಲಿಯ ಬರಹವನ್ನು ಎರಡು ಸಲ ಓದಿದೆ. ಕಾಫಿ ತೋಟದ ಮಣ್ಣಿನ ದಾರಿ, ಧೂಳು, ಗೆದ್ದವರ ಹೆಸರು, ಅವರ ಸಮಯ, ಎಲ್ಲವೂ ಇದೆ. ಆದರೆ ನನಗೆ ಹಿಡಿಸಿದ್ದು ಒಂದೇ ಸಾಲು. ಕಾರಿನ ಸದ್ದು ನಮಗೆ ಕೇಳುವ ಮೊದಲೇ ಮರದ ಮೇಲಿನ ಹಕ್ಕಿಗಳು ಎದ್ದು ಹಾರಿದವು ಅಂತ ಬರೆದಿದ್ದೀಯಲ್ಲ, ಅದು. ಉಳಿದದ್ದನ್ನು ಯಾರು ಬೇಕಾದರೂ ಫಲಿತಾಂಶದ ಪಟ್ಟಿ ನೋಡಿಕೊಂಡು ಬರೆಯಬಹುದು. ಆ ಸಾಲನ್ನು ಬರೆಯಬೇಕಾದರೆ ಅಲ್ಲಿ ನಿಂತಿರಲೇಬೇಕು.

ಮೋಟಾರ್ ರೇಸಿಂಗ್ ಬಗ್ಗೆ ಬರೆಯೋಕೆ ಯಾರನ್ನು ಓದಬೇಕು ಅಂತ ಕೇಳಿದ್ದೀಯ. ನಾನು ಒಬ್ಬರ ಹೆಸರು ಹೇಳುತ್ತೇನೆ. ಡೆನಿಸ್ ಜೆಂಕಿನ್ಸನ್. ಇಂಗ್ಲೆಂಡಿನವರು. 1920ರಲ್ಲಿ ಹುಟ್ಟಿ 1996ರಲ್ಲಿ ತೀರಿಕೊಂಡರು. ಕುಳ್ಳಗಿನ ಆಳು, ಉದ್ದ ಗಡ್ಡ, ಕನ್ನಡಕ. 'ಮೋಟಾರ್ ಸ್ಪೋರ್ಟ್' ಎಂಬ ಪತ್ರಿಕೆಗೆ ದಶಕಗಳ ಕಾಲ ಯುರೋಪಿನ ರೇಸುಗಳ ವರದಿ ಬರೆದರು. ಬರಹದ ಕೊನೆಯಲ್ಲಿ ಪೂರ್ತಿ ಹೆಸರಿರುತ್ತಿರಲಿಲ್ಲ, ಬರೀ ಡಿ.ಎಸ್.ಜೆ. ಅಂತ ಮೂರು ಅಕ್ಷರ. ಓದುಗರಿಗೆ ಅಷ್ಟೇ ಸಾಕಾಗುತ್ತಿತ್ತು. ಪರಿಚಯದವರಿಗೆ ಅವರು ಜೆಂಕ್ಸ್.

ಬರಹಗಾರ ಆಗುವುದಕ್ಕೂ ರೇಸಿನಲ್ಲಿ ಕೂರುವುದಕ್ಕೂ ಅವರಲ್ಲಿ ನಡುವೆ ಗೋಡೆ ಇರಲಿಲ್ಲ. ಸೈಡ್‌ಕಾರ್ ರೇಸ್ ನೋಡಿದ್ದೀಯಾ? ಮೋಟಾರ್‌ಸೈಕಲ್ಲಿನ ಪಕ್ಕಕ್ಕೆ ಒಂದು ಹಲಗೆಯಂಥ ತೊಟ್ಟಿಲು, ಅದರಲ್ಲಿ ಇನ್ನೊಬ್ಬ. ತಿರುವು ಬಂದಾಗ ಆತ ಮೈಯನ್ನು ಹೊರಗೆ ಚಾಚಬೇಕು, ಇಲ್ಲವೇ ಹಿಂಚಕ್ರದ ಮೇಲೆ ಬಾಗಬೇಕು. ಅವನ ತೂಕ ಸರಿಯಾದ ಕ್ಷಣದಲ್ಲಿ ಸರಿಯಾದ ಕಡೆ ಇಲ್ಲದಿದ್ದರೆ ಗಾಡಿ ಮಗುಚುತ್ತದೆ. 1949ರಲ್ಲಿ ಸೈಡ್‌ಕಾರ್ ವಿಶ್ವ ಚಾಂಪಿಯನ್‌ಶಿಪ್ ಮೊದಲ ಸಲ ನಡೆದಾಗ ಅದನ್ನು ಗೆದ್ದವರು ಎರಿಕ್ ಆಲಿವರ್. ಅವರ ನಾರ್ಟನ್ ಗಾಡಿಯ ಪಕ್ಕದಲ್ಲಿ ನೆಲಕ್ಕೆ ಮೈ ಸವರುವಷ್ಟು ಬಾಗುತ್ತಿದ್ದವರು ಜೆಂಕಿನ್ಸನ್. ಹ್ಯಾಂಡಲ್ ಇನ್ನೊಬ್ಬರ ಕೈಯಲ್ಲಿ, ಜೀವ ಇಬ್ಬರದ್ದು.

ಆ ಅನುಭವ ಅವರನ್ನು 1955ರ ಮೇ 1ರ ಬೆಳಗ್ಗೆ 7 ಗಂಟೆ 22 ನಿಮಿಷಕ್ಕೆ ಇಟಲಿಯ ಬ್ರೆಷಾ ಊರಿಗೆ ಕರೆದೊಯ್ದಿತು. ಅಲ್ಲಿಂದ ಹೊರಡುವ ರೇಸಿನ ಹೆಸರು ಮಿಲ್ಲೆ ಮಿಲ್ಯಾ, ಅಂದರೆ ಸಾವಿರ ಮೈಲಿ. ಸುಮಾರು 1,600 ಕಿಲೋಮೀಟರ್. ಬ್ರೆಷಾದಿಂದ ಪೆಸ್ಕಾರಾ, ಅಲ್ಲಿಂದ ರೋಮ್, ಫ್ಲಾರೆನ್ಸ್, ಬೊಲೊನ್ಯ, ಮತ್ತೆ ಬ್ರೆಷಾ. ಟ್ರ್ಯಾಕ್ ಅಲ್ಲ, ಜನ ಓಡಾಡುವ ಸಾಮಾನ್ಯ ರಸ್ತೆ. ಹಿಂದಿನ ರಾತ್ರಿಯಿಂದಲೇ ಚಿಕ್ಕ ಕಾರುಗಳು ಒಂದೊಂದಾಗಿ ಹೊರಡುತ್ತಿದ್ದವು, ದೊಡ್ಡವು ಕೊನೆಗೆ. ಕಾರಿನ ನಂಬರೇ ಅದು ಹೊರಡುವ ಸಮಯ. ಹಾಗಾಗಿ ಇಂಗ್ಲೆಂಡಿನ ಚಾಲಕ ಸ್ಟರ್ಲಿಂಗ್ ಮಾಸ್ ಓಡಿಸಿದ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕಾರಿನ ಮೇಲೆ 722 ಅಂತ ಕೆಂಪಕ್ಷರ. ಪಕ್ಕದ ಸೀಟಿನಲ್ಲಿ ನಮ್ಮ ಜೆಂಕಿನ್ಸನ್.

ಇಟಲಿಯ ಚಾಲಕರಿಗೆ ಆ ರಸ್ತೆ ಮನೆಯ ಅಂಗಳ ಇದ್ದ ಹಾಗೆ. ಹೊರಗಿನಿಂದ ಬಂದವನು ಸಾವಿರ ಮೈಲಿಯ ತಿರುವುಗಳನ್ನು ತಲೆಯಲ್ಲಿ ಇಟ್ಟುಕೊಳ್ಳೋದು ಹೇಗೆ? ಇದಕ್ಕೊಂದು ದಾರಿ ಹುಡುಕುವ ಮಾತು ಜೆಂಕಿನ್ಸನ್‌ಗೂ ಅಮೆರಿಕದ ಚಾಲಕ ಜಾನ್ ಫಿಚ್‌ಗೂ ಮೊದಲು ನಡೆದಿತ್ತು. ಮಾಸ್ ಜೊತೆ ಹೋದರೆ ಗೆಲ್ಲುವ ಅವಕಾಶ ಜಾಸ್ತಿ ಅಂತ ಗೊತ್ತಾದಾಗ ಫಿಚ್ ಸಂತೋಷದಿಂದ ಬಿಟ್ಟುಕೊಟ್ಟರು. ನನಗೆ ಈ ಕಥೆಯಲ್ಲಿ ಫಿಚ್ ಬಗ್ಗೆ ಯಾವಾಗಲೂ ಗೌರವ.

ಮಾಸ್ ಮತ್ತು ಜೆಂಕಿನ್ಸನ್ ಆ ದಾರಿಯಲ್ಲಿ ಮತ್ತೆ ಮತ್ತೆ ಓಡಾಡಿದರು. ಜೆಂಕಿನ್ಸನ್ ಪ್ರತಿ ಗುಡ್ಡ, ರೈಲ್ವೆ ಗೇಟು, ಸೇತುವೆ, ತಿರುವು ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಅದನ್ನೆಲ್ಲ ಸುಮಾರು ಐದೂವರೆ ಮೀಟರ್ ಉದ್ದದ ಕಾಗದದ ಸುರುಳಿಗೆ ಇಳಿಸಿದರು. ಸುರುಳಿಯನ್ನು ಒಂದು ಅಲ್ಯೂಮಿನಿಯಂ ಡಬ್ಬಿಯಲ್ಲಿ ಕೂರಿಸಿ, ಮೇಲೆ ಪಾರದರ್ಶಕ ಕಿಟಕಿ ಇಟ್ಟು, ಕೈಯಲ್ಲಿ ತಿರುಗಿಸುತ್ತಾ ಓದುವ ಹಾಗೆ ಮಾಡಿದರು. ತೆರೆದ ಕಾರು, ಕಿವಿ ಕಿತ್ತುಹೋಗುವ ಸದ್ದು, ಮಾತು ಕೇಳಲ್ಲ. ಅದಕ್ಕೆ ಕೈಸನ್ನೆಗಳು.

ಈಗ ನೀನು ಗಮನಿಸಬೇಕಾದದ್ದು ಇಲ್ಲಿದೆ. ಕಷ್ಟದ ತಿರುವುಗಳನ್ನು ಅವರು ಮೂರು ಬಗೆ ಮಾಡಿದ್ದರು. ಒಂದು ಸ್ವಲ್ಪ ತುಂಟ ತಿರುವು. ಇನ್ನೊಂದು ನಂಬೋಕಾಗದ ತಿರುವು. ಮೂರನೆಯದು ತುಂಬ ಅಪಾಯದ ತಿರುವು. ಒಂದೊಂದಕ್ಕೆ ಒಂದೊಂದು ಸನ್ನೆ. ಮೂರಕ್ಕೂ ಸುಮ್ನೆ 'ಕಷ್ಟದ ತಿರುವು' ಅಂದಿದ್ದರೆ ಮಾಸ್ ಒಂದೋ ಎಲ್ಲ ಕಡೆ ನಿಧಾನ ಮಾಡಬೇಕಿತ್ತು, ಇಲ್ಲ ಎಲ್ಲೋ ಒಂದು ಕಡೆ ಸಾಯಬೇಕಿತ್ತು. ಮಾತನ್ನು ಆರಿಸುವುದು ಅಂದರೆ ಇಷ್ಟು. ನಿನ್ನ ಬರಹದಲ್ಲಿ 'ರೋಮಾಂಚಕ' ಅನ್ನುವ ಪದ ಐದು ಸಲ ಬಂದಿದೆ. ಆ ಐದು ಜಾಗದಲ್ಲಿ ಐದು ಬೇರೆ ಬೇರೆ ವಿಷಯ ನಡೆದಿದ್ದವು, ಅಲ್ವಾ? ಒಂದು ಕಡೆ ಕಾರು ಹಾರಿತು, ಒಂದು ಕಡೆ ಮಣ್ಣಿನ ಬದುವಿಗೆ ಉಜ್ಜಿತು, ಒಂದು ಕಡೆ ಬ್ರೇಕ್ ಹಿಡಿದದ್ದು ತಡವಾಯಿತು. ಅದನ್ನೇ ಬರಿ.

ಅವರು ಗೆದ್ದರು. 10 ಗಂಟೆ 7 ನಿಮಿಷ 48 ಸೆಕೆಂಡ್. ಸರಾಸರಿ ಗಂಟೆಗೆ 157 ಕಿಲೋಮೀಟರಿಗೂ ಮೇಲೆ. ಒಬ್ಬರೇ ಓಡಿಸಿ ಎರಡನೆಯವರಾಗಿ ಬಂದ ಅರ್ಜೆಂಟೀನಾದ ಚಾಲಕ ಫ್ಯಾಂಜಿಯೊ ಅರ್ಧ ಗಂಟೆಗೂ ಹೆಚ್ಚು ಹಿಂದಿದ್ದರು. ಮುಗಿದ ಮೇಲೆ ತೆಗೆದ ಫೋಟೋದಲ್ಲಿ ಇಬ್ಬರ ಮುಖವೂ ಮಸಿ ಬಳಿದ ಹಾಗೆ, ಕಣ್ಣಿನ ಸುತ್ತ ಮಾತ್ರ ಬೆಳ್ಳಗೆ.

1955ರ ಜೂನ್ ಸಂಚಿಕೆಯಲ್ಲಿ ಅವರ ಬರಹ ಬಂತು. ಮೋಟಾರ್ ರೇಸಿಂಗ್ ಬಗ್ಗೆ ಬಂದ ವರದಿಗಳಲ್ಲಿ ಅದಕ್ಕಿಂತ ದೊಡ್ಡದು ಇಲ್ಲ ಅಂತ ಎಷ್ಟೋ ಜನ ಹೇಳುತ್ತಾರೆ. ನಾನೂ ಅವರಲ್ಲೊಬ್ಬ. ಅದರಲ್ಲಿ ವೇಗ ಇದೆ. ಗಂಟೆಗೆ 270 ಕಿಲೋಮೀಟರ್ ಹತ್ತಿರದ ವೇಗದಲ್ಲಿ ರಸ್ತೆಯ ಉಬ್ಬಿನ ಮೇಲೆ ನಾಲ್ಕೂ ಚಕ್ರ ನೆಲ ಬಿಟ್ಟದ್ದು ಇದೆ. ಆದರೆ ನಾನು ಆ ಬರಹವನ್ನು ನಂಬುವುದು ಬೇರೆ ಕಾರಣಕ್ಕೆ. ದಾರಿಯಲ್ಲಿ ಅವರಿಗೆ ವಾಂತಿ ಬಂತು. ಹೊರಗೆ ಬಾಗಿದಾಗ ಗಾಳಿ ಕನ್ನಡಕ ಕಿತ್ತುಕೊಂಡು ಹೋಯಿತು. ಜೇಬಿನಲ್ಲಿ ಇನ್ನೊಂದು ಇತ್ತು, ಹಾಕಿಕೊಂಡರು. ಟ್ಯಾಂಕಿನಿಂದ ಪೆಟ್ರೋಲ್ ಚಿಮ್ಮಿ ಕುತ್ತಿಗೆ ಮೇಲೆ ಬಿದ್ದಾಗ ಗಾಬರಿಯಲ್ಲಿ ಒಂದು ಸನ್ನೆ ತಪ್ಪಿತು. ಇದನ್ನೆಲ್ಲ ಅವರೇ ಬರೆದಿದ್ದಾರೆ. ಮುಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದ್ದರಿಂದಲೇ, ಕಾರು ಹಾರಿತು ಅಂದಾಗ ಹಾರಿರಬೇಕು ಅಂತ ನಮಗೆ ಅನಿಸುತ್ತದೆ.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ನಾನು ನಿನ್ನಷ್ಟೇ ವಯಸ್ಸಿನವನಾಗಿದ್ದಾಗ ಒಂದು ರ‍್ಯಾಲಿಯ ವರದಿ ಬರೆದಿದ್ದೆ. ಬಿಸಿಲು ಜೋರಾಗಿತ್ತು, ಶಾಮಿಯಾನದ ಕೆಳಗೆ ಕೂತಿದ್ದೆ. ಮುಂದಿದ್ದ ಕಾರು ಹಳ್ಳಕ್ಕೆ ಇಳಿಯಿತು ಅಂತ ಯಾರೋ ಬಂದು ಹೇಳಿದರು. ಚಾಲಕ ಅವಸರಪಟ್ಟು ಕೆಡಿಸಿಕೊಂಡ ಅಂತ ಬರೆದು ಕಳಿಸಿದೆ, ಅಚ್ಚೂ ಆಯಿತು. ಎರಡು ವಾರದ ಮೇಲೆ ಆ ಚಾಲಕ ಸಿಕ್ಕಿದರು. ರಸ್ತೆಗೆ ಒಂದು ಮಗು ಓಡಿ ಬಂದಿತ್ತಂತೆ. ತಪ್ಪಿಸೋಕೆ ಸ್ಟಿಯರಿಂಗ್ ಎಳೆದಿದ್ದರು. ಅವರು ಬೈಯಲಿಲ್ಲ. "ನೀವು ಆ ತಿರುವಿನಲ್ಲಿ ನಿಂತಿದ್ರಾ ಸರ್?" ಅಂತ ಮಾತ್ರ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತು ವರ್ಷದ ಮೇಲೂ ಆ ಪ್ರಶ್ನೆ ನನ್ನ ಜೊತೆ ಇದೆ.

ಜೆಂಕಿನ್ಸನ್ ತಿರುವುಗಳಿಗೆ ಹೋಗಿ ನಿಲ್ಲುತ್ತಿದ್ದರು. ಯಾರು ಬ್ರೇಕ್ ಎಲ್ಲಿ ಹಿಡಿಯುತ್ತಾರೆ, ಯಾರ ಕಾರಿನ ಹಿಂಭಾಗ ಎಷ್ಟು ಜಾರುತ್ತದೆ, ಯಾರು ಎಂಜಿನ್ ಸದ್ದು ಇಳಿಸದೆ ಹೋಗುತ್ತಾರೆ, ಇದನ್ನೆಲ್ಲ ಕಣ್ಣಾರೆ ನೋಡುವುದು ಅವರ ಕೆಲಸ. ಅದರಿಂದಲೇ 1958ರಲ್ಲಿ 'ದಿ ರೇಸಿಂಗ್ ಡ್ರೈವರ್' ಪುಸ್ತಕ ಬಂತು. ಚಾಲಕನ ಕಣ್ಣು, ಕೈ, ಮನಸ್ಸು ಹೇಗೆ ಕೆಲಸ ಮಾಡುತ್ತವೆ ಅಂತ ಬಿಡಿಸಿ ನೋಡುವ ಪುಸ್ತಕ. ಚಾಲಕ ತನ್ನ ಶಕ್ತಿಯಲ್ಲಿ ಹತ್ತರಲ್ಲಿ ಎಷ್ಟು ಪಾಲು ಹಾಕುತ್ತಿದ್ದಾನೆ ಅಂತ ಅಳೆಯುವ ಮಾತು ರೇಸಿಂಗ್ ಜನರ ಬಾಯಿಗೆ ಬರುವಲ್ಲಿ ಅವರ ಪಾಲು ದೊಡ್ಡದು.

ಹಣದ ಆಸೆ ಅವರಿಗೆ ಇದ್ದಂತೆ ಕಾಣುವುದಿಲ್ಲ. ಹ್ಯಾಂಪ್‌ಶೈರಿನ ಒಂದು ಹಳೇ ಮನೆ, ಕರೆಂಟ್ ಲೈನ್ ಇಲ್ಲ, ಒಳಗೆಲ್ಲ ಪುಸ್ತಕ ಮತ್ತು ಗಾಡಿಗಳ ಬಿಡಿಭಾಗ. ರೇಸಿದ್ದರೆ ಸಾಕು, ಯುರೋಪಿನ ಈ ತುದಿಯಿಂದ ಆ ತುದಿಗೆ ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು.

ಆದರೆ ತಂಗಿ, ಮೆಚ್ಚಿದವರನ್ನು ಪೂರ್ತಿ ನೋಡಬೇಕು. ಒಂದು ವಿಷಯದಲ್ಲಿ ಜೆಂಕಿನ್ಸನ್ ತಪ್ಪು ಮಾಡಿದರು ಅಂತ ನಾನು ನಂಬುತ್ತೇನೆ.

1966ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ, ಮೊದಲ ಸುತ್ತಿನಲ್ಲೇ ಮಳೆಗೆ ಸಿಕ್ಕಿ ಸ್ಕಾಟ್ಲೆಂಡಿನ ಚಾಲಕ ಜಾಕಿ ಸ್ಟೀವರ್ಟ್ ಅವರ ಕಾರು ರಸ್ತೆ ಬಿಟ್ಟು ಹೋಯಿತು. ಸುಮಾರು 25 ನಿಮಿಷ ಅವರು ನಜ್ಜುಗುಜ್ಜಾದ ಕಾರಿನೊಳಗೆ ಸಿಕ್ಕಿಕೊಂಡಿದ್ದರು. ಮೈಯೆಲ್ಲ ಪೆಟ್ರೋಲ್. ಒಂದು ಕಿಡಿ ಬಿದ್ದಿದ್ದರೆ ಮುಗಿದಿತ್ತು. ಬಿಡಿಸಿದ್ದು ಬೇರೆ ಚಾಲಕರು, ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಾಂಟ್. ಅದಕ್ಕೆ ಸ್ಪ್ಯಾನರ್ ಸಿಕ್ಕಿದ್ದು ನೋಡಲು ಬಂದವರೊಬ್ಬರ ಹತ್ತಿರ. ಅಲ್ಲಿಂದ ಸ್ಟೀವರ್ಟ್ ಸುರಕ್ಷತೆಗಾಗಿ ಪಟ್ಟು ಹಿಡಿದರು. ತಡೆಬೇಲಿ ಬೇಕು, ವೈದ್ಯರು ಬೇಕು, ಅಪಾಯದ ಟ್ರ್ಯಾಕಿನಲ್ಲಿ ಓಡಿಸಲ್ಲ. ಜೆಂಕಿನ್ಸನ್‌ಗೆ ಇದನ್ನು ಸಹಿಸಲಾಗಲಿಲ್ಲ. ರೇಸಿನ ಜೀವವನ್ನೇ ತೆಗೆಯುತ್ತಿದ್ದಾರೆ ಅಂತ ಕಟುವಾಗಿ ಬರೆದರು. ಸ್ಟೀವರ್ಟ್ ಉತ್ತರ ಕೊಟ್ಟರು. ಜೆಂಕಿನ್ಸನ್ ಹೊಗಳುವ ಹಳೇ ಕಾಲದ ಚಾಲಕರಲ್ಲಿ ಅವರ ಬರಹ ಓದಲು ಬದುಕಿ ಉಳಿದವರು ಕೆಲವೇ ಜನ ಅನ್ನುವ ಅರ್ಥದ ಉತ್ತರ. ಓದಿದಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ಉತ್ತರ ಬರೀ ಮಾತಲ್ಲ. ಜೆಂಕಿನ್ಸನ್ ಗೆದ್ದು ಆರು ವಾರ ಆಗುವಷ್ಟರಲ್ಲಿ ಅದೇ ಮಾದರಿಯ ಇನ್ನೊಂದು ಮರ್ಸಿಡಿಸ್ ಫ್ರಾನ್ಸಿನ ಲ ಮಾನ್ ರೇಸಿನಲ್ಲಿ ಜನರ ಮೇಲೆ ಹಾರಿ 80ಕ್ಕೂ ಹೆಚ್ಚು ಜನ ಸತ್ತರು. 1957ರಲ್ಲಿ ಮಿಲ್ಲೆ ಮಿಲ್ಯಾದಲ್ಲೇ ಒಂದು ಫೆರಾರಿ ರಸ್ತೆ ಬದಿಯ ಜನರೊಳಗೆ ನುಗ್ಗಿತು. ಚಾಲಕ, ಜೊತೆಗಾರ, ನೋಡಲು ಬಂದ ಒಂಬತ್ತು ಜನ, ಅವರಲ್ಲಿ ಮಕ್ಕಳೂ ಇದ್ದರು, ಸತ್ತರು. ಆ ರೂಪದ ರೇಸ್ ಅಲ್ಲಿಗೇ ನಿಂತಿತು.

ಜೆಂಕಿನ್ಸನ್ ಹೇಡಿಯಲ್ಲ, ಸುರಕ್ಷಿತ ಕುರ್ಚಿಯಲ್ಲಿ ಕೂತು ಬೇರೆಯವರಿಗೆ ಧೈರ್ಯ ಹೇಳಿದವರೂ ಅಲ್ಲ. ತಾನು ಕೂತ ಸೀಟಿನಿಂದ ಕಂಡದ್ದೇ ಪೂರ್ತಿ ಸತ್ಯ ಅಂದುಕೊಂಡರು, ಅಷ್ಟೇ. ಆ ಸೀಟಿನಿಂದ ರಸ್ತೆ ಬದಿಯಲ್ಲಿ ನಿಂತ ಮಗು ಕಾಣುವುದಿಲ್ಲ. ನಾನು ಶಾಮಿಯಾನದಲ್ಲಿ ಕೂತು ಒಂದು ಮಗುವನ್ನು ಕಾಣದೆ ಹೋದೆ. ಅವರು ಕಾರಿನಲ್ಲಿ ಕೂತು. ಹಾಗಂತ ಅವರ ಮೇಲಿನ ಪ್ರೀತಿ ನನಗೆ ಕಡಿಮೆಯಾಗಿಲ್ಲ. ಆ ಜೂನ್ ಬರಹವನ್ನು ವರ್ಷಕ್ಕೊಮ್ಮೆ ಓದುತ್ತೇನೆ. ನೀನೂ ಓದು, ಸ್ಟೀವರ್ಟ್ ಉತ್ತರವನ್ನೂ ಜೊತೆಗಿಟ್ಟುಕೊಂಡು ಓದು.

ನಿನ್ನ ಬರಹವನ್ನು ವಾಪಸ್ ಕಳಿಸುತ್ತಿದ್ದೇನೆ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದೇನೆ, ಒಪ್ಪಿಗೆಯಾಗದಿದ್ದರೆ ಅಳಿಸಿಬಿಡು. ಹಕ್ಕಿಗಳ ಸಾಲನ್ನು ಮೊದಲಿಗೆ ತಂದು ನೋಡು. ಇನ್ನೊಂದು ಮಾತು. ನೀನು ಚಾಲಕನ ಬಗ್ಗೆ ಎರಡು ಪುಟ ಬರೆದಿದ್ದೀಯ, ಪಕ್ಕದಲ್ಲಿ ಕೂತ ಕೋ-ಡ್ರೈವರ್ ಹೆಸರು ಒಂದೇ ಸಲ ಬಂದಿದೆ. ರೆಕ್ಕಿ ದಿನ, ಅಂದರೆ ಓಟಕ್ಕೆ ಮೊದಲು ದಾರಿ ನೋಡಿಕೊಳ್ಳುವ ದಿನ, ಆ ತೋಟದ ದಾರಿಯ ಪ್ರತಿ ತಿರುವನ್ನೂ ಬರೆದುಕೊಂಡು, ಸ್ಟೇಜಿನಲ್ಲಿ 'ಲೆಫ್ಟ್ ಫೋರ್, ರೈಟ್ ತ್ರೀ' ಅಂತ ಓದಿ ಹೇಳಿದ್ದು ಆ ವ್ಯಕ್ತಿ. ಆ ನಂಬರ್ ತಿರುವು ಎಷ್ಟು ಚೂಪು ಅಂತ ಹೇಳುತ್ತದೆ. ಜೆಂಕಿನ್ಸನ್ ಅವರ ಡಬ್ಬಿಯೊಳಗಿನ ಸುರುಳಿ ಈಗ ಅವರ ತೊಡೆಯ ಮೇಲಿನ ಪುಸ್ತಕ. ಮುಂದಿನ ಸಲ ಹೋದಾಗ ಅವರನ್ನು ಹುಡುಕಿ ಮಾತಾಡಿಸು. ಆ ಪುಸ್ತಕ ತೋರಿಸ್ತೀರಾ ಅಂತ ಕೇಳು. ಒಂದು ತಿರುವನ್ನು ಆರಿಸಿಕೊಂಡು, ಅದಕ್ಕೆ ಯಾಕೆ ಆ ನಂಬರ್ ಕೊಟ್ಟಿರಿ ಅಂತ ಕೇಳು. ಆಮೇಲೆ ಆ ತಿರುವಿಗೆ ನಡೆದುಕೊಂಡು ಹೋಗಿ, ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್ ತೋರಿಸಿದ ಜಾಗದಲ್ಲಿ ನಿಂತು, ಕಾರು ಬರೋದನ್ನು ಕಾಯಿ. ಏನು ಕಂಡಿತು ಅಂತ ನನಗೆ ಬರಿ.

ನಿನ್ನ ಅಣ್ಣ