ಹಿನ್ನೀರಿನ ದೋಣಿಗಳಿಗೂ ಕಾನೂನಿನ ವ್ಯಾಖ್ಯೆ ಬೇಕು

ಮಾನ್ಯ ಸಂಪಾದಕರೇ,

ಬೇಲೂರಿನ ಯಗಚಿ ಮತ್ತು ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಯಂತ್ರದ ದೋಣಿಗಳ ವಿಹಾರ ಪ್ರವಾಸೋದ್ಯಮದ ಭಾಗವಾಗಿದೆ. ಹಿನ್ನೀರುಗಳನ್ನೇ ನಂಬಿದ ಮೀನುಗಾರರು ತೆಪ್ಪದಲ್ಲಿ ಕುಳಿತು ಬಲೆ ಬಿಡುತ್ತಾರೆ. ಸುರಕ್ಷತೆಯ ಮಾತು ಬಂದಾಗಲೆಲ್ಲ ಚರ್ಚೆ ಲೈಫ್ ಜಾಕೆಟ್‌ಗೆ ಬಂದು ನಿಲ್ಲುತ್ತದೆ. ಲೈಫ್ ಜಾಕೆಟ್ ಬೇಕೇ ಬೇಕು; ಆದರೆ ಅದು ನೀರಿಗೆ ಬಿದ್ದ ಮೇಲೆ ನೆರವಿಗೆ ಬರುವಂಥದ್ದು. ಎರಡು ದೋಣಿಗಳು ಎದುರಾದಾಗ ಯಾವುದು ದಾರಿ ಬಿಡಬೇಕು ಎಂಬುದು ಅದಕ್ಕೂ ಮೊದಲಿನ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಬೇಕಾದರೆ ಯಾವುದನ್ನು ಏನೆಂದು ಕರೆಯಬೇಕು ಎಂಬುದು ಮೊದಲು ಬರವಣಿಗೆಯಲ್ಲಿ ಇರಬೇಕು. ದೋಣಿ ವಿಹಾರಕ್ಕೆ ಟೆಂಡರ್ ಕರೆಯುವ ಇಲಾಖೆಗಳು ಷರತ್ತುಗಳ ಜೊತೆಗೆ ವ್ಯಾಖ್ಯೆಗಳನ್ನೂ ಸೇರಿಸಬೇಕೆಂದು ಕೋರುವುದೇ ಈ ಪತ್ರದ ಉದ್ದೇಶ.

ಸಮುದ್ರದಲ್ಲಿ ಈ ಕೆಲಸ ಮಾಡುವುದು 1972ರಲ್ಲಿ ಅಂಗೀಕಾರವಾಗಿ 1977ರ ಜುಲೈ 15ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳು. ಅವು ಸಮುದ್ರಕ್ಕೂ, ಅದಕ್ಕೆ ಕೂಡಿಕೊಂಡು ಸಮುದ್ರದ ಹಡಗುಗಳು ಸಾಗಬಲ್ಲ ನೀರಿಗೂ ಅನ್ವಯಿಸುತ್ತವೆ. ಅಣೆಕಟ್ಟಿನ ಹಿಂದೆ ನಿಂತ ನಮ್ಮ ನೀರಿಗೆ ಅನ್ವಯಿಸುವುದಿಲ್ಲ. ಆದರೂ ಅವುಗಳ 3ನೇ ನಿಯಮವನ್ನು, ಅಂದರೆ ವ್ಯಾಖ್ಯೆಗಳ ನಿಯಮವನ್ನು, ನಮ್ಮ ಅಧಿಕಾರಿಗಳು ಒಮ್ಮೆ ಓದುವುದು ಒಳ್ಳೆಯದು.

‘ಸಂಚಾರದಲ್ಲಿರುವ’ ಹಡಗು ಎಂದರೆ ಲಂಗರು ಹಾಕಿರದ, ದಡಕ್ಕೆ ಕಟ್ಟಿರದ, ನೆಲಕ್ಕೆ ತಗುಲಿ ಕೂತಿರದ ಹಡಗು ಎಂದು ಅಲ್ಲಿದೆ. ಇಂಜಿನ್ ಓಡುತ್ತಿದೆಯೇ ಇಲ್ಲವೇ ಎಂಬ ಮಾತೇ ಅದರಲ್ಲಿಲ್ಲ. ಪ್ರವಾಸಿಗರು ಫೋಟೊ ತೆಗೆದುಕೊಳ್ಳಲೆಂದು ಹಿನ್ನೀರಿನ ನಡುವೆ ಇಂಜಿನ್ ಆರಿಸಿದ ದೋಣಿ ಗಾಳಿಗೆ ಮೆಲ್ಲಗೆ ಸರಿಯುತ್ತಿರುತ್ತದೆ. ಕೇಳಿದರೆ ಚಾಲಕ ‘ದೋಣಿ ನಿಂತಿತ್ತು’ ಎನ್ನುತ್ತಾನೆ. ಮಹಜರಿನಲ್ಲೂ ಹಾಗೆಯೇ ದಾಖಲಾದರೆ ಆಶ್ಚರ್ಯವಿಲ್ಲ. ಸಮುದ್ರದ ನಿಯಮದಂತೆ ಅದು ಸಂಚಾರದಲ್ಲಿರುವ ದೋಣಿಯೇ ಆಗಿದ್ದು, ಇಂಜಿನ್ ಆರಿಸಿದ ಮಾತ್ರಕ್ಕೆ ದಾರಿ ಬಿಡುವ ಹೊಣೆಯಿಂದ ಪಾರಾಗುವುದಿಲ್ಲ.

ಮೀನುಗಾರಿಕೆಯ ವ್ಯಾಖ್ಯೆ ಇನ್ನೂ ಸೂಕ್ಷ್ಮವಾದದ್ದು. ಬಲೆ ಮೊದಲಾದ ಸಾಧನಗಳಿಂದಾಗಿ ಬೇಕಾದಂತೆ ತಿರುಗಲಾರದ ಸ್ಥಿತಿಯಲ್ಲಿರುವ ಹಡಗು ಮಾತ್ರ ‘ಮೀನು ಹಿಡಿಯುತ್ತಿರುವ ಹಡಗು’. ತಿರುಗಲು ಅಡ್ಡಿಯಾಗದ ಗಾಳದ ದಾರವನ್ನು ಹಿಂದೆ ಎಳೆದುಕೊಂಡು ಹೋಗುವುದು ಇದರಲ್ಲಿ ಸೇರುವುದಿಲ್ಲ. ಯಂತ್ರದ ಹಡಗು ಅಂಥ ಹಡಗಿಗೆ ದಾರಿ ಬಿಡಬೇಕೆಂಬುದು 18ನೇ ನಿಯಮ. ಹೇಮಾವತಿಯ ಹಿನ್ನೀರಿನಲ್ಲಿ ಥರ್ಮಾಕೋಲ್ ತುಂಡು, ಖಾಲಿ ಬಾಟಲಿ ಕಟ್ಟಿದ ಬಲೆಯನ್ನು ನೀರಿಗೆ ಬಿಡುತ್ತಿರುವ ತೆಪ್ಪ ಈ ವ್ಯಾಖ್ಯೆಗೆ ಸರಿಯಾಗಿ ಹೊಂದುತ್ತದೆ. ಅದೇ ತೆಪ್ಪ ಬಲೆಯನ್ನು ಮೇಲೆಳೆದು ಗುಡ್ಡೆ ಹಾಕಿಕೊಂಡು ದಡಕ್ಕೆ ಹೊರಟಾಗ ಆ ರಕ್ಷಣೆ ಕಳಚುತ್ತದೆ. ಇಷ್ಟಕ್ಕೂ ಈ ನಿಯಮಗಳು ಬರೇ ಹುಟ್ಟು ಹಾಕಿ ಸಾಗುವ ದೋಣಿಯನ್ನು ನೆನೆಯುವುದು ದೀಪದ ವಿಚಾರ ಬಂದಾಗ ಮಾತ್ರ: ಡಿಕ್ಕಿ ತಪ್ಪಿಸುವಷ್ಟು ಮುಂಚಿತವಾಗಿ ತೋರಿಸಲು ಒಂದು ಟಾರ್ಚ್ ಅಥವಾ ಹಚ್ಚಿದ ಲಾಟೀನು ಕೈಗೆಟುಕುವಂತಿದ್ದರೆ ಸಾಕು ಎನ್ನುತ್ತವೆ. ದಾರಿ ಬಿಡುವ ಸರದಿಯಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿಲ್ಲ. ಹಾಗಾಗಿ ಈ ನಿಯಮಗಳನ್ನು ಸುಮ್ಮನೆ ನಕಲು ಮಾಡಿಕೊಂಡರೆ ತೆಪ್ಪದವರಿಗೆ ನ್ಯಾಯ ಸಿಗದು. ಅವರಿಗಾಗಿ ಒಂದು ಸಾಲನ್ನು ನಾವೇ ಸೇರಿಸಬೇಕಾಗುತ್ತದೆ.

‘ಮಬ್ಬು ನೋಟ’ದ ವ್ಯಾಖ್ಯೆಯಂತೂ ಮಲೆನಾಡಿಗೆಂದೇ ಬರೆದಂತಿದೆ. ಮಂಜು, ಜಡಿಮಳೆ ಎರಡೂ ಅದರಲ್ಲಿವೆ, ನಮಗೆ ಬೇಡದ ಹಿಮಪಾತ ಮತ್ತು ಮರಳ ಬಿರುಗಾಳಿಯೂ ಇವೆ. ಹಡಗುಗಳು ಪರಸ್ಪರ ಕಣ್ಣಿಗೆ ಕಾಣುವಾಗ ಇರುವ ‘ನೀನು ದಾರಿ ಬಿಡು, ನಾನು ನೇರ ಹೋಗುತ್ತೇನೆ’ ಎಂಬ ಏರ್ಪಾಡು ಮಂಜಿನಲ್ಲಿ ಕಾಣದಿರುವಾಗ ಅನ್ವಯಿಸುವುದಿಲ್ಲ. ಆಗ ಇಬ್ಬರೂ ವೇಗ ತಗ್ಗಿಸಿ ಎಚ್ಚರ ವಹಿಸಬೇಕು. 12 ಮೀಟರ್‌ಗಿಂತ ಚಿಕ್ಕ ದೋಣಿಯೂ 2 ನಿಮಿಷ ಮೀರದಂತೆ ಕೇಳಿಸುವ ಸದ್ದೊಂದನ್ನು ಮಾಡುತ್ತಿರಬೇಕು. ಇದನ್ನು ಪಾಲಿಸಲು ಒಂದು ಸೀಟಿಯಷ್ಟೇ ಖರ್ಚು.

ವ್ಯಾಖ್ಯೆ ಸ್ಪಷ್ಟವಿರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಹಳೆಯ ತೀರ್ಪುಗಳಿವೆ. ಸೌತ್‌ಪೋರ್ಟ್ ಪಟ್ಟಣದ ಕೃತಕ ಕೆರೆಯಲ್ಲಿ ಜನರನ್ನು ಸುತ್ತಾಡಿಸುತ್ತಿದ್ದ ದೋಣಿ ‘ನೌಕಾಯಾನಕ್ಕೆ ಬಳಸುವ’ ಹಡಗಲ್ಲ, ಆದ್ದರಿಂದ ಪ್ರಯಾಣಿಕರ ಹಡಗಿನ ಪ್ರಮಾಣಪತ್ರ ಅದಕ್ಕೆ ಬೇಕಿಲ್ಲ ಎಂದು 1893ರಲ್ಲಿ ತೀರ್ಮಾನವಾಯಿತು. ಬೆಲ್ಮಾಂಟ್ ಜಲಾಶಯದಲ್ಲಿ ಹಾಯಿದೋಣಿಗಳು ಡಿಕ್ಕಿಯಾದ ಪ್ರಕರಣದಲ್ಲಿಯೂ, ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವ ಉದ್ದೇಶವಿಲ್ಲದೆ ಮೋಜಿಗಾಗಿ ಓಡಾಡುವುದು ನೌಕಾಯಾನವಲ್ಲ ಎಂಬ ತರ್ಕವೇ ಗೆದ್ದಿತು. ಹಡಗು ಡಿಕ್ಕಿಯ ದಾವೆಗಿದ್ದ 2 ವರ್ಷದ ಕಾಲಮಿತಿ ಅದಕ್ಕೆ ತಗಲಲಿಲ್ಲ. ಒಂದೇ ತರ್ಕ ಮೊದಲ ಪ್ರಕರಣದಲ್ಲಿ ದೋಣಿ ನಡೆಸುವವರಿಗೆ, ಎರಡನೆಯದರಲ್ಲಿ ಪೆಟ್ಟು ತಿಂದವರಿಗೆ ಅನುಕೂಲವಾಯಿತು.

ನಮ್ಮಲ್ಲಿಯೂ ಈ ತೊಡಕಿದೆ. ಕೇಂದ್ರದ ಕಾಯ್ದೆಗಳಲ್ಲಿ ಬರುವ ಪದಗಳಿಗೆ ಅರ್ಥ ಹೇಳುವ 1897ರ ಜನರಲ್ ಕ್ಲಾಸಸ್ ಕಾಯ್ದೆ ಬರೇ ಹುಟ್ಟಿನಿಂದ ಸಾಗುವುದನ್ನು ‘ಹಡಗು’ ಎಂಬುದರಿಂದ ಹೊರಗಿಟ್ಟಿದೆ. ಭಾರತೀಯ ನ್ಯಾಯ ಸಂಹಿತೆಯಾದರೋ ಜನರನ್ನಾಗಲಿ ಸರಕನ್ನಾಗಲಿ ನೀರಿನ ಮೇಲೆ ಸಾಗಿಸಲು ಮಾಡಿದ ಯಾವುದನ್ನಾದರೂ ಜಲನೌಕೆ ಎನ್ನುತ್ತದೆ; ತೆಪ್ಪವೂ ಅದರೊಳಗೆ ಬರುತ್ತದೆ. ದುಡುಕಿನಿಂದ ನೌಕೆ ನಡೆಸಿದವರನ್ನು ಅದರ 282ನೇ ಕಲಮು ಶಿಕ್ಷಿಸಬಲ್ಲದು, ಆದರೆ ಯಾರು ಎಡಕ್ಕೆ ಸರಿಯಬೇಕಿತ್ತು, ಯಾರು ಬಲಕ್ಕೆ ಎಂಬುದನ್ನು ಅದು ಹೇಳಿಕೊಡುವುದಿಲ್ಲ. 2021ರ ಒಳನಾಡು ನೌಕೆಗಳ ಕಾಯ್ದೆ ಯಂತ್ರವಿಲ್ಲದ ದೋಣಿಗಳಿಗೂ ಪ್ರತ್ಯೇಕ ಅಧ್ಯಾಯ ಇಟ್ಟಿದೆ. ಅದನ್ನು ನಮ್ಮ ಹಿನ್ನೀರಿನ ಮಟ್ಟಕ್ಕೆ ಇಳಿಸುವ ಕೆಲಸ ಸ್ಥಳೀಯವಾಗಿ ಆಗಬೇಕು.

ಆದ್ದರಿಂದ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲಾಡಳಿತಗಳು, ಪ್ರವಾಸೋದ್ಯಮ ಇಲಾಖೆ ಮತ್ತು ನೀರಾವರಿ ನಿಗಮಗಳು ಮುಂದಿನ ಟೆಂಡರ್‌ಗೆ ಮೊದಲು ಮೀನುಗಾರರ ಸಹಕಾರ ಸಂಘಗಳನ್ನೂ ದೋಣಿ ಚಾಲಕರನ್ನೂ ಒಟ್ಟಿಗೆ ಕೂರಿಸಿ, ದೋಣಿ, ತೆಪ್ಪ, ಸಂಚಾರ, ಬಲೆ ಬಿಟ್ಟ ಸ್ಥಿತಿ, ಮಬ್ಬು ನೋಟ ಇವಿಷ್ಟರ ವ್ಯಾಖ್ಯೆಯನ್ನು ಕನ್ನಡದಲ್ಲಿ ಸಿದ್ಧಪಡಿಸಬೇಕು. ಅದನ್ನು ಕರಾರುಪತ್ರಕ್ಕೆ ಲಗತ್ತಿಸಿ, ಟಿಕೆಟ್ ಕೌಂಟರ್ ಬಳಿ ಎಲ್ಲರಿಗೂ ಕಾಣುವಂತೆ ಹಾಕಬೇಕು.

– ಒಬ್ಬ ವಕೀಲ, ಹಾಸನ