ಬೋರ್ಡ್ ಉಳಿಸಿಕೊಟ್ಟ ಪುಣ್ಯಾತ್ಮರಿಗೆ

ಮಲ್ಪೆ ಬಂದರಲ್ಲಿ ಹೆಸ್ರೂ ಹೇಳ್ದೆ ಹೋದ್ರಲ್ಲ ಅಣ್ಣ, ನಿಮ್ಗೇ ಈ ಥ್ಯಾಂಕ್ಸ್. ನಮ್ಮ ಬೋಟಿನ ಹಳೇ ಫಿಶ್ ಫೈಂಡರ್ (ಶಬ್ದ ಬಿಟ್ಟು ನೀರೊಳಗಿನ ಮೀನು, ತಳ ತೋರಿಸೋ ಮೆಷಿನ್), ಆ ಮಾಡೆಲ್ ಬರೋದು ನಿಂತು ಎಷ್ಟೋ ವರ್ಷ ಆಯ್ತು, ಉಪ್ಪುನೀರು ಒಳಗೆ ಹೋಗಿ ಸರ್ಕ್ಯೂಟ್ ಬೋರ್ಡ್ ಪೂರ್ತಿ ಹಸಿರು ಕಿಲುಬು, ಕಂಡೋರೆಲ್ಲ ಗುಜರಿಗೆ ಹಾಕಿ ಅಂದ್ರು. ನೀವು ಮಾತ್ರ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಶ್ಶಲ್ಲಿ ಮೆಲ್ಲ ಉಜ್ಜಿ, ತಿಂದುಹೋಗಿದ್ದ ಟ್ರ್ಯಾಕಿಗೆ (ಬೋರ್ಡ್ ಮೇಲಿನ ತಾಮ್ರದ ಗೆರೆ) ಕೂದಲಿನಷ್ಟು ಸಣ್ಣ ತಂತಿ ಬೆಸುಗೆ ಹಾಕಿ, ಉಬ್ಬಿದ್ದ ಎರಡು ಕೆಪಾಸಿಟರ್ ಬದಲಾಯಿಸಿದ್ರಿ (ಹಳೇದಕ್ಕಿಂತ ವೋಲ್ಟೇಜ್ ಕಮ್ಮಿದು ಹಾಕ್ಬೇಡಿ ಅಂತ ನಂಗೂ ಪಾಠ!), ಮೇಲೆ ಕೋಟಿಂಗ್ ಬೇರೆ. ಈಗ ಶಬ್ದ 50 ಕಿಲೋಹರ್ಟ್ಸಲ್ಲಿಟ್ರೂ 200ರಲ್ಲಿಟ್ರೂ ತಳ ಚೆಂದ ಕಾಣ್ತದೆ. ದುಡ್ಡು ಕೊಟ್ರೆ ಬೇಡ, ಬಂಗುಡೆ ಸಿಕ್ರೆ ಕೊಡಿ ಅಂದು ನಕ್ಕು ಹೋದ್ರಿ. ಬಂಗುಡೆ ಬಂದಿದೆ, ಐಸಲ್ಲಿಟ್ಟಿದೀನಿ, ಬನ್ನಿ ಮಾರಾಯ್ರೆ.